ಚಪ್ಪಲಿ ಅಂಗಡಿ ಹುಡುಗ ಚೌಶೆಸ್ಕು ಕೈಗೆ ರೊಮೇನಿಯಾ ಹೋಗಿದ್ದು ಹೇಗೆ? ಕೊಟ್ಟಿದ್ದು ಯಾರು?

ತುಂಗಾತೀರ:
ಎಲ್ರಿಗೂ ನಮಸ್ಕಾರ. 1965ರಿಂದ 1989ರವರೆಗೆ ರೊಮೇನಿಯಾ ಆಳಿದ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಶೆಸ್ಕು ಅಂದ್ರೆ ಎಲ್ರೂ 1989ರ ಡಿಸೆಂಬರ್‌ನಿಂದಾನೇ ಶುರು ಮಾಡ್ತಾರೆ, ಬಾಲ್ಕನಿ ಭಾಷಣ, ಹೆಲಿಕಾಪ್ಟರ್, ಕ್ರಿಸ್‌ಮಸ್ ದಿನ ಗಂಡ ಹೆಂಡ್ತಿ ಇಬ್ರನ್ನೂ ಗೋಡೆ ಹತ್ರ ನಿಲ್ಸಿ ಗುಂಡು ಹೊಡೆದಿದ್ದು. ಆದ್ರೆ ನನ್ನ ತಲೆ ತಿಂತಿರೋದು ಅವನು ಮೇಲೆ ಬಂದಿದ್ದು ಹೇಗೆ ಅನ್ನೋದು. 1918ರಲ್ಲಿ ಸ್ಕೋರ್ನಿಚೆಷ್ಟಿ ಅನ್ನೋ ಹಳ್ಳೀಲಿ ಬಡ ರೈತನ ಮನೇಲಿ ಹುಟ್ಟಿದೋನು, ಮನೆ ತುಂಬ ಮಕ್ಕಳು, ಪ್ರೈಮರಿ ಮುಗಿಸಿ 11ನೇ ವಯಸ್ಸಿಗೆ ಬುಕಾರೆಸ್ಟ್‌ಗೆ ಬಂದು ಚಪ್ಪಲಿ ಹೊಲಿಯೋ ಅಂಗಡೀಲಿ ಕೆಲಸಕ್ಕೆ ಸೇರ್ಕೊಂಡ. ಹೆಚ್ಚು ಓದಿಲ್ಲ, ಮಾತಾಡೋವಾಗ ತೊದಲ್ತಿದ್ದ, ಲೆನಿನ್ ಥರ ಬರೆಯೋನಲ್ಲ, ಯುಗೊಸ್ಲಾವಿಯಾದ ಟಿಟೊ ಥರ ಯುದ್ಧ ಮಾಡಿ ಗೆದ್ದೋನೂ ಅಲ್ಲ. ಇಂಥವನ ಕೈಗೆ ಸುಮಾರು 2 ಕೋಟಿ ಜನರ ದೇಶ ಹೇಗೆ ಹೋಯ್ತು? ಒಬ್ಬರಾದ್ರೂ ಎದ್ದು ನಿಂತು ಬೇಡ ಅನ್ಲಿಲ್ವಾ? ಗೊತ್ತಿರೋರು ಬರೀರಿ. ಎಡ ಬಲ ಜಗಳ ದಯವಿಟ್ಟು ಬೇಡ.

ಓದುಗ72:
ಜೈಲು. ಅವನ ಡಿಗ್ರಿ ಅದೇ.

ಧಾರವಾಡದಾಂವ:
ಓದುಗರು ಒಂದ ಮಾತಿನ್ಯಾಗ ಮುಗಿಸ್ಯಾರ, ನಾ ಸ್ವಲ್ಪ ಬಿಡಿಸಿ ಹೇಳ್ತೀನ್ರಿ. ಅಲ್ಲಿ ಕಮ್ಯುನಿಸ್ಟ್ ಪಕ್ಷ 1924ರಾಗ ನಿಷೇಧ ಆಗಿತ್ತು. ಈತ ಕೆಲಸಕ್ಕಿದ್ದ ಚಪ್ಪಲಿ ಅಂಗಡಿ ಮಾಲೀಕನ ಪಕ್ಷದಾಂವ, ಅಲ್ಲಿಂದ ಶುರು. 15 ವರ್ಷದ ಹುಡುಗ ಇದ್ದಾಗ 1933ರಾಗ ಮೊದಲ ಸಲ ಪೊಲೀಸರ ಕೈಗೆ ಸಿಕ್ಕ, ಆಮ್ಯಾಲೆ ದೋಫ್ತಾನಾ ಜೈಲು, ಹೊರಗ ಬಂದ, ಮತ್ತ 1940ರಾಗ ಸಿಕ್ಕು 1944ರ ತನಕಾ ಒಳಗ. 1943ರಾಗ ತಿರ್ಗು ಜಿಯು ಕ್ಯಾಂಪಿಗೆ ಹಾಕಿದ್ರು, ಅಲ್ಲೇ ಇದ್ದ ನೋಡ್ರಿ ಗಿಯೋರ್ಗಿಯು ದೇಜ್, ಜೈಲಿನೊಳಗ ಪಕ್ಷದ ದೊಡ್ಡ ತಲಿ. ಇಂವ ಅವನ ಶಿಷ್ಯ ಆದ.

ಇನ್ನೊಂದು ಮಾತು ತಿಳ್ಕೋರಿ. 1944ರಾಗ ಇಡೀ ದೇಶದಾಗ ಆ ಪಕ್ಷಕ್ಕ ಒಂದು ಸಾವಿರದಷ್ಟು ಸದಸ್ಯರು ಇದ್ರಂದ್ರ ಹೆಚ್ಚು. ಸೋವಿಯತ್ ಸೈನ್ಯ ಬಂತು, ನೋಡನೋಡ್ತಿದ್ದಂಗ ಆ ಸಾವಿರ ಮಂದಿ ಕೈಗೆ ಸರ್ಕಾರ ಬಂತು. 1947ರ ಡಿಸೆಂಬರ್ 30ಕ್ಕ ರಾಜಾ ಮಿಹಾಯ್‌ನ ಕಡೆ ಬಲವಂತಲೇ ಸಹಿ ಮಾಡಿಸಿ ಸಿಂಹಾಸನದಿಂದ ಇಳಿಸಿದ್ರು. ಮಂತ್ರಿ, ಜನರಲ್, ಸೆಕ್ರೆಟರಿ, ಎಲ್ಲಾ ಹುದ್ದೆಗೂ ನಂಬಿಕಸ್ಥರು ಬೇಕು, ಇರೋ ಮಂದಿನೇ ಸ್ವಲ್ಪ. ಜೈಲಾಗ ಇದ್ದು ಬಂದಾಂವ ಅಂದ್ರ ಅದ ದೊಡ್ಡ ಬಂಡವಾಳ. ಒಂದು ದಿನ ರೈಫಲ್ ಹಿಡಿದು ಯುದ್ಧಕ್ಕ ಹೋಗದಾಂವ ಸೈನ್ಯದ ಖಾತೆ ಉಪಮಂತ್ರಿ ಆಗಿ ಜನರಲ್ ಪಟ್ಟಿ ಹಾಕ್ಕೊಂಡ.

ಕೆಂಬಾವುಟ:
ಧಾರವಾಡದವರು ಹೇಳಿದ್ದು ಸರಿ, ಆದ್ರೆ ಆ ಜೈಲನ್ನ ಬರೀ ಬಂಡವಾಳ ಅಂದ್ಬಿಟ್ರೆ ನಂಗೆ ನೋವಾಗುತ್ತೆ. ಯುದ್ಧದ ಕಾಲದಲ್ಲಿ ಅಲ್ಲಿ ಇದ್ದಿದ್ದು ಆಂತೊನೆಸ್ಕು ಸರ್ಕಾರ, ಹಿಟ್ಲರ್ ಜೊತೆ ಸೇರಿ ಲಕ್ಷಗಟ್ಟಲೆ ಯಹೂದಿಗಳ ಸಾವಿಗೆ ಕಾರಣ ಆದ ಸರ್ಕಾರ. ಅದರ ವಿರುದ್ಧ ನಿಂತು ಒಳಗೆ ಹೋದವರಲ್ಲಿ ನಿಜವಾದ ತ್ಯಾಗಿಗಳು ಇದ್ರು, ಎಷ್ಟೋ ಜನ ವಾಪಸ್ ಬರ್ಲೇ ಇಲ್ಲ. ಅದಕ್ಕೂ ಮುಂಚೆ, 18 ವರ್ಷದ ಹುಡುಗನಾಗಿದ್ದಾಗ್ಲೇ ಅವನು ಜೈಲಲ್ಲಿ ಹೊಡೆತ ತಿಂದಿದ್ದು ಸುಳ್ಳಲ್ಲ. ಆಮೇಲೆ ಅವನು ಏನಾದ ಅನ್ನೋದು ಬೇರೆ ವಿಷ್ಯ, ಅದನ್ನ ನಾನು ಸಮರ್ಥಿಸಲ್ಲ.

ಮಲೆನಾಡ್ ಮಂಜು:
ಬೇರೆ ವಿಷ್ಯ ಹೇಗಾಗುತ್ತೆ ಸರ್? ಒಳಗಿದ್ದಾಗ ಹೊಡೆತ ತಿಂದವರೇ ಹೊರಗೆ ಬಂದು ಅದೇ ಜೈಲುಗಳಿಗೆ ರೈತರನ್ನ, ಪಾದ್ರಿಗಳನ್ನ, ವಿದ್ಯಾರ್ಥಿಗಳನ್ನ ತುಂಬಿದ್ರು. ಅದೂ ಒಂದೇ ಕಥೆ.

ಮೇಷ್ಟ್ರು ನಿವೃತ್ತ:
ಇಲ್ಲಿವರೆಗೆ ಬಂದ ಮಾತೆಲ್ಲ 1950ರ ಒಳಗಿಂದು. ಅವನು ನಿಜವಾಗಿ ಮೇಲೆ ಬಂದಿದ್ದು ಆಮೇಲೆ, ಅದನ್ನ ಸ್ವಲ್ಪ ನಿಧಾನವಾಗಿ ನೋಡ್ಬೇಕು.

1952ರಲ್ಲಿ, ಆಗ ಪಕ್ಷದ ಮುಖ್ಯಸ್ಥನಾಗಿದ್ದ ದೇಜ್ ತನ್ನ ಎದುರಾಳಿ ಆನಾ ಪೌಕೆರ್, ವಸಿಲೆ ಲುಕಾ ಇವರನ್ನ ಕಿತ್ತು ಹಾಕಿದ. ಅವರು ಯುದ್ಧದ ಕಾಲದಲ್ಲಿ ಮಾಸ್ಕೋದಲ್ಲಿದ್ದು ಬಂದವರು. ಜಾಗ ಖಾಲಿ ಆಯ್ತು, ದೇಜ್‌ಗೆ ಜೈಲಿನಲ್ಲಿ ಜೊತೆಗಿದ್ದ, ಹಳ್ಳಿ ಮೂಲದ, ತಾನು ಹೇಳಿದ್ದು ಕೇಳೋ ಹುಡುಗರು ಬೇಕಿತ್ತು. ಚೌಶೆಸ್ಕು ಆ ವರ್ಷ ಕೇಂದ್ರ ಸಮಿತಿಗೆ ಬಂದ, 1954ರಲ್ಲಿ ಸೆಕ್ರೆಟರಿ ಆದ. ಅವನಿಗೆ ಸಿಕ್ಕಿದ್ದು ಯಾವ ಕೆಲಸ ಗೊತ್ತಾ, ಪಕ್ಷದ ಸಂಘಟನೆ ಮತ್ತು ಕೇಡರ್. ಅಂದ್ರೆ ಯಾವ ಜಿಲ್ಲೆಗೆ ಯಾರು ಸೆಕ್ರೆಟರಿ, ಯಾರಿಗೆ ಬಡ್ತಿ, ಯಾರ ಮೇಲೆ ಏನು ದೂರು ಇದೆ, ಆ ಫೈಲೆಲ್ಲ ಇವನ ಮೇಜಿನ ಮೇಲಿಂದಾನೇ ಹೋಗ್ಬೇಕು. ಬೇರೆಯವರು ಕೈಗಾರಿಕೆ, ವಿದೇಶಾಂಗ ಅಂತ ಓಡಾಡ್ತಿದ್ರೆ ಇವನು ಹತ್ತು ವರ್ಷ ಕೂತು ಒಬ್ಬೊಬ್ಬರನ್ನೇ ನೇಮಕ ಮಾಡ್ತಾ ಬಂದ. ಜಿಲ್ಲೆ ಜಿಲ್ಲೇಲಿ ಇವನ ಋಣದಲ್ಲಿದ್ದವರು ಬೆಳೆದ್ರು. ಸ್ಟಾಲಿನ್ ಮೇಲೆ ಬಂದಿದ್ದೂ ಇದೇ ದಾರೀಲಿ. ಭಾಷಣ ಮಾಡೋಕೆ ಬರದೇ ಇದ್ರೆ ಏನಂತೆ, ಕೈ ಎತ್ತೋರು ಇವನ ಕಡೆಯವರಾದ್ರೆ ಸಾಕು.

1965ರ ಮಾರ್ಚ್ 19ಕ್ಕೆ ದೇಜ್ ಕ್ಯಾನ್ಸರ್‌ನಿಂದ ಸತ್ತ. ಪೈಪೋಟಿಯಲ್ಲಿ ಇಬ್ಬರು, ಹಳೇ ಕಾರ್ಮಿಕ ನಾಯಕ ಅಪೊಸ್ತೊಲ್, ಇನ್ನೊಬ್ಬ ಗೃಹಮಂತ್ರಿ ದ್ರಗಿಚ್, ಅಂದ್ರೆ ರಹಸ್ಯ ಪೊಲೀಸ್ ಸೆಕುರಿಟಾಟೆ ಅವನ ಕೈಲಿ. ಅಪೊಸ್ತೊಲ್ ಕಂಡ್ರೆ ಪ್ರಧಾನಿ ಮೌರರ್‌ಗೆ ಆಗ್ತಿರ್ಲಿಲ್ಲ, ದ್ರಗಿಚ್ ಕಂಡ್ರೆ ಎಲ್ಲರಿಗೂ ಭಯ. ಆಗ ಮೌರರ್ ಮುಂದೆ ತಂದ ಹೆಸರು ಚೌಶೆಸ್ಕು. 47 ವರ್ಷ, ಹಿರಿಯರಿಗಿಂತ ಚಿಕ್ಕವನು, ನಾವು ಹೇಳಿದಂಗೆ ಕೇಳ್ತಾನೆ ಅಂತ ಎಲ್ಲರೂ ಅಂದ್ಕೊಂಡ್ರು. ಮೂರೇ ದಿನದಲ್ಲಿ, ಮಾರ್ಚ್ 22ಕ್ಕೆ ಅವನು ಪಕ್ಷದ ಮುಖ್ಯಸ್ಥ. ತುಂಗಾತೀರ ಅವರೇ, ಕೊಟ್ಟಿದ್ದು ಯಾರು ಅಂದ್ರಲ್ಲ, ಕೊಟ್ಟಿದ್ದು ಇವರೇ.

ತುಂಗಾತೀರ:
ಮೇಷ್ಟ್ರೇ ಇದೇ ಬೇಕಾಗಿತ್ತು, ತುಂಬಾ ಥ್ಯಾಂಕ್ಸ್. ಆದ್ರೆ ರಹಸ್ಯ ಪೊಲೀಸ್ ದ್ರಗಿಚ್ ಕೈಲಿತ್ತು ಅಂದ್ರಲ್ಲ, ಅವನು ಸುಮ್ನೆ ಬಿಟ್ನಾ?

ಮೇಷ್ಟ್ರು ನಿವೃತ್ತ:
ಬಿಡ್ಲಿಲ್ಲ, ಬಿಡಿಸ್ಕೊಂಡ್ರು. ಅದೇ 1965ರ ಪಕ್ಷದ ಮಹಾಧಿವೇಶನದಲ್ಲಿ ಒಂದು ನಿಯಮ ಮಾಡಿದ್ರು, ಪಕ್ಷದ ದೊಡ್ಡ ಹುದ್ದೆ ಮತ್ತು ಸರ್ಕಾರದ ಹುದ್ದೆ ಎರಡೂ ಒಬ್ಬರೇ ಇಟ್ಕೊಳ್ಳೋ ಹಾಗಿಲ್ಲ ಅಂತ. ಕೇಳೋಕೆ ಎಷ್ಟು ಪ್ರಜಾತಾಂತ್ರಿಕವಾಗಿದೆ ನೋಡಿ. ದ್ರಗಿಚ್‌ನ ಮೇಲಕ್ಕೆ ಪಕ್ಷಕ್ಕೆ ತಗೊಂಡ್ರು, ಆ ನಿಯಮದಿಂದ ಗೃಹಖಾತೆ ಬಿಡ್ಬೇಕಾಯ್ತು, ಪೊಲೀಸ್ ಕೈ ತಪ್ಪಿತು. 1967ರ ಡಿಸೆಂಬರ್‌ನಲ್ಲಿ ಆ ನಿಯಮವನ್ನೇ ಪಕ್ಕಕ್ಕಿಟ್ಟು ಕಿವು ಸ್ತೊಯಿಕಾನ ಇಳಿಸಿ ಚೌಶೆಸ್ಕು ತಾನೇ ರಾಜ್ಯ ಮಂಡಳಿ ಅಧ್ಯಕ್ಷ, ಅಂದ್ರೆ ದೇಶದ ಮುಖ್ಯಸ್ಥ ಆದ.

ಆಮೇಲೆ 1968ರ ಏಪ್ರಿಲ್. 1954ರಲ್ಲಿ ಪತ್ರಷ್ಕಾನು ಅಂತ ಪಕ್ಷದ ಮಾಜಿ ಕಾನೂನು ಮಂತ್ರೀನ ಸುಳ್ಳು ಕೇಸ್ ಹಾಕಿ ಗುಂಡಿಟ್ಟು ಕೊಂದಿದ್ರು, ಆ ಕಡತ ತೆಗೆಸಿ ನಿರಪರಾಧಿ ಅಂತ ಘೋಷಿಸಿದ. ಅಪವಾದ ಪೂರ್ತಿ ಸತ್ತ ದೇಜ್ ಮೇಲೆ, ಬದುಕಿದ್ದ ದ್ರಗಿಚ್ ಮೇಲೆ. ಆ ಕಾಲದಲ್ಲಿ ತಾನೂ ಮೇಲಿನ ಸಮಿತೀಲಿ ಇದ್ದೆ ಅನ್ನೋದು ಯಾರೂ ಎತ್ತಲಿಲ್ಲ. ಒಂದೇ ಏಟಿಗೆ ನ್ಯಾಯವಂತ ಅಂತ ಹೆಸರೂ ಬಂತು, ಶತ್ರುವೂ ಹೋದ.

ಹಂಪಿ ಹುಡುಗ:
ಯಪ್ಪಾ ಎಂಥಾ ಲೆಕ್ಕಾಚಾರ.

ಕರಾವಳಿ ಹುಡುಗಿ:
ಮೇಷ್ಟ್ರು ಒಂದು ಬಿಟ್ಟಿದ್ದಾರೆ ಮಾರಾಯ್ರೆ. ಇವ ಬರೀ ಫೈಲು ನೋಡಿಕೊಂಡು ಕೂತವ ಅಲ್ಲ. ಜಮೀನೆಲ್ಲ ಸಾಮೂಹಿಕ ಕೃಷಿಗೆ ಸೇರಿಸುವಾಗ ರೈತರು ಒಪ್ಪಲಿಲ್ಲ ಅಲ್ವಾ, 1957ರ ಡಿಸೆಂಬರ್‌ನಲ್ಲಿ ವ್ರಾಂಚಾ ಕಡೆ ವಾದು ರೋಷ್ಕಾ ಅನ್ನುವ ಹಳ್ಳಿಯಲ್ಲಿ ಜನ ಎದುರು ನಿಂತಾಗ ಅಲ್ಲಿಗೆ ಸೈನ್ಯ ಕರ್ಕೊಂಡು ಹೋದದ್ದು ಇವನೇ. ಗುಂಡು ಹಾರಿಸಿದ್ರು, 9 ಜನ ಹಳ್ಳಿಯವರು ಸತ್ತರು. ಇವನೂ ರೈತನ ಮಗನೇ. ಇದನ್ನು ಹೇಳದೆ ಬರೀ ಬುದ್ಧಿವಂತಿಕೆಯಿಂದ ಮೇಲೆ ಬಂದ ಅಂತ ಹೇಳಿದ್ರೆ ಸತ್ತವರಿಗೆ ಅನ್ಯಾಯ ಮಾಡಿದ ಹಾಗೆ. ಮೇಲಿನವರಿಗೆ ಅವ ಬೇಕಾದದ್ದು ಇಂಥ ಕೆಲಸಕ್ಕೂ.

ಧಾರವಾಡದಾಂವ:
ಖರೇ ಮಾತು ತಂಗಿ. ಇದನ್ನ ಮೊದಲ ಹೇಳಬೇಕಿತ್ತು.

ಹಂಪಿ ಹುಡುಗ:
ಎಲ್ಲಾ ಸರಿ, ಆದ್ರೆ 1968ರ ಆಗಸ್ಟ್ 21 ಬಗ್ಗೆ ಯಾರೂ ಮಾತಾಡ್ತಿಲ್ಲ. ಚೆಕೊಸ್ಲೊವಾಕಿಯಾದ ಸುಧಾರಣೆ ಹತ್ತಿಕ್ಕೋಕೆ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದಾಗ, ವಾರ್ಸಾ ಒಪ್ಪಂದ ಅನ್ನೋ ಸೋವಿಯತ್ ಸೈನಿಕ ಕೂಟದೊಳಗೇ ಇದ್ದು ಸೈನ್ಯ ಕಳಿಸಲ್ಲ, ಇದು ದೊಡ್ಡ ತಪ್ಪು ಅಂತ ಬುಕಾರೆಸ್ಟ್ ಚೌಕದಲ್ಲಿ ನಿಂತು ಹೇಳಿದ ಮನುಷ್ಯ ಅವನು. ಮಾಸ್ಕೋ ಎದುರು ಹಾಗೆ ನಿಲ್ಲೋಕೆ ಗುಂಡಿಗೆ ಬೇಕು. ಅವತ್ತು ಅಲ್ಲಿ ಸೇರಿದ್ದ ಜನ ಬಲವಂತಕ್ಕೆ ಬಂದವರಲ್ಲ. ಪಕ್ಷ ಕಂಡ್ರೆ ಆಗ್ದೇ ಇದ್ದ ಬರಹಗಾರರೂ ಆ ವಾರ ಸದಸ್ಯತ್ವ ತಗೊಂಡ್ರು. ಮುಂದಿನ ವರ್ಷ ಆಗಸ್ಟಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ನೇ ಬುಕಾರೆಸ್ಟ್‌ಗೆ ಬಂದ. ಈ ಒಂದು ವಿಷ್ಯಕ್ಕೆ ಅವನಿಗೆ ಮರ್ಯಾದೆ ಕೊಡ್ಬೇಕು.

ಮೇಷ್ಟ್ರು ನಿವೃತ್ತ:
ಧೈರ್ಯ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಆ ಸ್ವತಂತ್ರ ನೀತಿ ಅವನು ಹುಟ್ಟಿಸಿದ್ದಲ್ಲ. ಸೋವಿಯತ್ ಸೈನ್ಯ ರೊಮೇನಿಯಾ ಬಿಟ್ಟು ಹೋಗಿದ್ದು 1958ರಲ್ಲಿ, ಮಾಸ್ಕೋ ಹೇಳಿದಂತೆ ನಡೆಯಲ್ಲ ಅನ್ನೋ ಘೋಷಣೆ ಹೊರಟಿದ್ದು 1964ರ ಏಪ್ರಿಲ್‌ನಲ್ಲಿ. ಎರಡೂ ದೇಜ್ ಕಾಲದ್ದು. ಇನ್ನೊಂದು, ಪ್ರಾಗ್‌ನಲ್ಲಿ ನಡೀತಿದ್ದ ಸುಧಾರಣೆ ಮನೇಲಿ ತರೋ ಯೋಚನೆ ಇವನಿಗೆ ಯಾವತ್ತೂ ಇರ್ಲಿಲ್ಲ. ಅವತ್ತಿನ ಚಪ್ಪಾಳೆಯಿಂದ ಅವನು ಕಲಿತಿದ್ದು ಒಂದೇ, ರಾಷ್ಟ್ರಾಭಿಮಾನ ಎತ್ತಿ ಹಿಡಿದ್ರೆ ಒಳಗೆ ಏನು ಮಾಡಿದ್ರೂ ಜನ ತಡ್ಕೋತಾರೆ ಅಂತ. ಹೊರಗಿನವರೂ ಹಾಗೇ. ಮಾಸ್ಕೋನ ಬೈತಾನೆ ಅಂತ ಪಶ್ಚಿಮದವರು ಸಾಲ ಕೊಟ್ರು, 1978ರಲ್ಲಿ ಬ್ರಿಟಿಷರು ಬಕಿಂಗ್‌ಹ್ಯಾಮ್ ಅರಮನೇಲಿ ರಾಣಿ ಅತಿಥಿಯಾಗಿ ಇಳಿಸ್ಕೊಂಡ್ರು. ಒಳಗೆ ಜೈಲಲ್ಲಿ ಯಾರಿದ್ದಾರೆ ಅಂತ ಕೇಳಿದವರು ಕಮ್ಮಿ.

ಹಂಪಿ ಹುಡುಗ:
ಆದ್ರೂ ಸರ್, ಬೇರೆ ಯಾವ ಪೂರ್ವ ಯುರೋಪಿನ ನಾಯಕ ಅಷ್ಟು ಮಾಡಿದ? ಸೈನ್ಯ ಕಳಿಸ್ದೇ ಇದ್ದದ್ದು ನಿಜ ತಾನೆ.

ಓದುಗ72:
ನಿಜ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೂ ಸೋವಿಯತ್ ಬಹಿಷ್ಕಾರ ಮೀರಿ ತಂಡ ಕಳಿಸಿದ. ಚಿನ್ನದ ಪದಕದಲ್ಲಿ ಅಮೆರಿಕ ಬಿಟ್ರೆ ರೊಮೇನಿಯಾನೇ.

ಬನಶಂಕರಿ ರಾಯರು:
ಒಲಿಂಪಿಕ್ಸ್ ಅಂದಾಗ ನಾದಿಯಾ ಕೊಮನೇಚ್ ನೆನಪಾದಳು. 1976, ಮಾಂಟ್ರಿಯಲ್, 14 ವರ್ಷದ ಹುಡುಗಿ, ಜಿಮ್ನಾಸ್ಟಿಕ್ಸ್‌ನಲ್ಲಿ ಪರಿಪೂರ್ಣ 10. ನಮ್ಮ ಮನೇಲಿ ಪೇಪರಲ್ಲಿ ಬಂದ ಫೋಟೋ ಕತ್ತರಿಸಿ ಬೀರುವಿಗೆ ಅಂಟಿಸಿದ್ವಿ. ಆ ಹುಡುಗೀನೇ 1989ರ ನವೆಂಬರ್‌ನಲ್ಲಿ ರಾತ್ರೋರಾತ್ರಿ ಗಡಿ ದಾಟಿ ಹಂಗೇರಿಗೆ ಓಡಿಹೋದಳು. ದೇಶದ ಅತಿ ದೊಡ್ಡ ಹೆಸರೇ ಉಳಿಯೋಕಾಗ್ದೇ ಓಡ್ತಾಳೆ ಅಂದ್ರೆ ಉಳಿದವರ ಪಾಡು ಯೋಚನೆ ಮಾಡಿ.

ಹಾಗೇ ಇನ್ನೊಂದು ಮಾತು, ನಮ್ಮ ದೇಶದ ಗುವಾಹಟಿ ರಿಫೈನರಿ ಕಟ್ಟೋಕೆ ನೆರವು ಕೊಟ್ಟಿದ್ದು ರೊಮೇನಿಯಾ. 1962ರ ಜನವರಿ 1ಕ್ಕೆ ನೆಹರೂ ಉದ್ಘಾಟನೆ ಮಾಡಿದ್ರು. ತೈಲದ ತಂತ್ರಜ್ಞಾನದಲ್ಲಿ ಅವರು ಹಳೇ ಕೈ. ಅಷ್ಟು ಎಣ್ಣೆ, ಅಷ್ಟು ಗೋಧಿ ಇದ್ದ ದೇಶ ಜನರಿಗೆ ಬ್ರೆಡ್‌ಗೆ ರೇಷನ್ ಮಾಡೋ ಸ್ಥಿತಿಗೆ ಹೇಗೆ ಬಂತು ಅಂತ ನಂಗೆ ಇವತ್ತಿಗೂ ಸಂಕಟ ಆಗುತ್ತೆ.

ಬುಕಾರೆಸ್ಟ್ ಕನ್ನಡಿಗ:
ನಾನು ಇಲ್ಲೇ ಕೆಲಸದಲ್ಲಿರೋದು, ಹಾಗಾಗಿ ರಾಯರಿಗೆ ಉತ್ತರ ಹೇಳ್ತೀನಿ. 70ರ ದಶಕದಲ್ಲಿ ದೊಡ್ಡ ದೊಡ್ಡ ಸ್ಟೀಲು, ಕೆಮಿಕಲ್ ಫ್ಯಾಕ್ಟರಿ ಕಟ್ತೀನಿ ಅಂತ ಪಶ್ಚಿಮದಿಂದ ಸಿಕ್ಕಾಪಟ್ಟೆ ಸಾಲ ತಗೊಂಡ, 80ರ ದಶಕ ಶುರುವಾಗೋ ಹೊತ್ತಿಗೆ ಸುಮಾರು 1,000 ಕೋಟಿ ಡಾಲರ್ ಆಯ್ತು, ಬಡ್ಡಿ ಏರಿತು. ಆಗ ಒಂದು ಪೈಸೆ ಬಿಡದೆ ತೀರಿಸ್ತೀನಿ ಅಂತ ಹಠಕ್ಕೆ ಬಿದ್ದ. ಬೆಳೆದಿದ್ದೆಲ್ಲ ರಫ್ತು, ಮಾಂಸ, ಗೋಧಿ, ಎಲ್ಲಾ. ಮನೇಲಿ ಸಕ್ಕರೆ, ಎಣ್ಣೆ, ಬ್ರೆಡ್‌ಗೆ ಕಾರ್ಡು. ಚಳಿಗಾಲ ಇಲ್ಲಿ ಮೈನಸ್‌ಗೆ ಹೋಗುತ್ತೆ, ಬಿಸಿ ನೀರು, ಹೀಟಿಂಗು ದಿನದಲ್ಲಿ ಸ್ವಲ್ಪ ಹೊತ್ತು. ಟಿವಿ ವಾರದ ದಿನ ಎರಡು ಗಂಟೆ, ಅದ್ರಲ್ಲೂ ಅವನದೇ ಸುದ್ದಿ. ಟೈಪ್‌ರೈಟರ್ ಮನೇಲಿದ್ರೆ ಪೊಲೀಸ್ ಹತ್ರ ರಿಜಿಸ್ಟರ್ ಮಾಡಿಸ್ಬೇಕು, 1983ರ ಆದೇಶ. 1989ರ ಏಪ್ರಿಲ್‌ನಲ್ಲಿ ಸಾಲ ತೀರಿತು ಅಂತ ಘೋಷಿಸಿದ, ಆದ್ರೂ ರೇಷನ್ ತೆಗೀಲಿಲ್ಲ. ನಮ್ಮ ಆಫೀಸಲ್ಲಿ ಒಬ್ರು ಹಿರಿಯರಿದ್ದಾರೆ, ಕ್ಯೂ ಕಂಡ್ರೆ ಮೊದಲು ನಿಂತ್ಕೊಂಡು ಆಮೇಲೆ ಏನು ಕೊಡ್ತಾರೆ ಅಂತ ಕೇಳ್ತಿದ್ವಿ ಅಂತಾರೆ.

ಅದೇ ವರ್ಷಗಳಲ್ಲಿ ಬುಕಾರೆಸ್ಟ್‌ನಲ್ಲಿ ಅವನು ಕಟ್ಟಿಸಿದ ಆ ದೊಡ್ಡ ಅರಮನೆ. 1977ರ ಮಾರ್ಚ್ 4ರ ಭೂಕಂಪದಲ್ಲಿ 1,500ಕ್ಕೂ ಹೆಚ್ಚು ಜನ ಸತ್ರು, ಬಿದ್ದ ಊರನ್ನ ಹೊಸದಾಗಿ ಕಟ್ತೀನಿ ಅನ್ನೋ ನೆಪದಲ್ಲಿ ಉರಾನುಸ್ ಅನ್ನೋ ಹಳೇ ಬಡಾವಣೇನೇ ನೆಲಸಮ ಮಾಡಿಸಿದ, ಸುಮಾರು 40 ಸಾವಿರ ಜನರನ್ನ ಎಬ್ಬಿಸಿದ್ರು. ಕಟ್ಟಡದ ಒಳಗೆ ಸಾವಿರಕ್ಕೂ ಹೆಚ್ಚು ಕೋಣೆ. ಅವನು ಸಾಯೋವಾಗ ಅದಿನ್ನೂ ಮುಗಿದಿರ್ಲಿಲ್ಲ, ಈಗ ಅಲ್ಲೇ ಪಾರ್ಲಿಮೆಂಟು. ನಂಗೆ ಅದಕ್ಕಿಂತ ತಟ್ಟಿದ್ದು ಮಿಹಾಯ್ ವೋದಾ ಚರ್ಚು. ಕೆಡವಿ ಹಾಕೋದು ಬೇಡ ಅಂತ ಎಂಜಿನಿಯರುಗಳು ಚರ್ಚಿನ ಪಾಯ ಕತ್ತರಿಸಿ, ಕೆಳಗೆ ಕಾಂಕ್ರೀಟ್ ತಟ್ಟೆ ಕೂರಿಸಿ, ಹಳಿ ಹಾಕಿ ಇಡೀ ಕಟ್ಟಡವನ್ನ ಇನ್ನೂರೆಂಬತ್ತು ಮೀಟರ್‌ಗಿಂತ ಹೆಚ್ಚು ದೂರ ಜರುಗಿಸಿದ್ರು. ಈಗ್ಲೂ ಅಪಾರ್ಟ್‌ಮೆಂಟುಗಳ ಹಿಂದೆ ಇದೆ, ರಸ್ತೆಯಿಂದ ನೋಡಿದ್ರೆ ಕಾಣಲ್ಲ, ಹುಡ್ಕೊಂಡು ಒಳಗೆ ಹೋಗ್ಬೇಕು.

ಡಾಕ್ಟರ್ ಅಕ್ಕ:
ಗಂಡಸರೆಲ್ಲ ಸಾಲ, ಅರಮನೆ ಅಂತಿದ್ದೀರಿ, ಹೆಂಗಸರ ಮೇಲೆ ನಡೆದಿದ್ದು ಯಾರೂ ಎತ್ತಲಿಲ್ಲ, ಅದಕ್ಕೇ ಬರೀತಿದ್ದೀನಿ. ಅಧಿಕಾರಕ್ಕೆ ಬಂದ ಮರುವರ್ಷ, 1966ರ ಅಕ್ಟೋಬರ್‌ನಲ್ಲಿ, 770ನೇ ಡಿಕ್ರಿ. ಗರ್ಭಪಾತ ನಿಷೇಧ. 45 ದಾಟಿರ್ಬೇಕು ಇಲ್ಲಾ ನಾಲ್ಕು ಮಕ್ಕಳಿರ್ಬೇಕು, ಅಂಥ ಕೆಲವರಿಗೆ ಮಾತ್ರ ವಿನಾಯಿತಿ. ಗರ್ಭನಿರೋಧಕಗಳೂ ಸಿಗ್ತಿರ್ಲಿಲ್ಲ. ಜನಸಂಖ್ಯೆ ಜಾಸ್ತಿ ಮಾಡ್ಬೇಕು ಅಂತ ಅವನ ಆಸೆ. 1966ರಲ್ಲಿ 2 ಲಕ್ಷ 74 ಸಾವಿರ ಇದ್ದ ಹೆರಿಗೆ ಮರುವರ್ಷ 5 ಲಕ್ಷ 28 ಸಾವಿರ ಆಯ್ತು. ಆಸ್ಪತ್ರೇಲಿ ಹಾಸಿಗೆ ಇಲ್ಲ, ಸ್ಕೂಲಲ್ಲಿ ಬೆಂಚ್ ಇಲ್ಲ. 80ರ ದಶಕದಲ್ಲಿ ಫ್ಯಾಕ್ಟರಿಗಳಲ್ಲೇ ಹೆಂಗಸರನ್ನ ಸ್ತ್ರೀರೋಗ ತಪಾಸಣೆಗೆ ನಿಲ್ಲಿಸ್ತಿದ್ರು, ಬಸಿರಾಗಿದ್ರೆ ಲೆಕ್ಕಕ್ಕೆ ಬರ್ಲಿ ಅಂತ. ಮಕ್ಕಳಿಲ್ಲದವರಿಗೆ ತೆರಿಗೆ.

ಕದ್ದುಮುಚ್ಚಿ ಮನೇಲಿ ಮಾಡಿಸ್ಕೊಂಡು ನಂಜಾಗಿ ಸತ್ತ ಹೆಂಗಸರು 9 ಸಾವಿರಕ್ಕೂ ಹೆಚ್ಚು. ರಕ್ತ ಸೋರ್ತಾ ಆಸ್ಪತ್ರೆಗೆ ಬಂದವಳ ಹತ್ರ ಮೊದಲು ಯಾರು ಮಾಡಿದ್ದು ಅಂತ ಹೇಳಿಸೋಕೆ ನೋಡ್ತಿದ್ರು, ಆಮೇಲೆ ಚಿಕಿತ್ಸೆ. ವೈದ್ಯೆಯಾಗಿ ಇದನ್ನ ಓದಿದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಸಾಕೋಕಾಗದ ಮಕ್ಕಳು ಅನಾಥಾಲಯಕ್ಕೆ ಹೋದ್ರು, 1989ರ ನಂತರ ಅಲ್ಲಿ ಸಿಕ್ಕ ಮಕ್ಕಳ ಸಂಖ್ಯೆ ಲಕ್ಷದ ಮೇಲೆ. ಅವನು ಸತ್ತ ಮರುದಿನಾನೇ, ಡಿಸೆಂಬರ್ 26ಕ್ಕೆ, ಹೊಸ ಸರ್ಕಾರ ಮೊದಲು ರದ್ದು ಮಾಡಿದ ಕಾನೂನುಗಳಲ್ಲಿ ಇದೂ ಒಂದು.

ಕರಾವಳಿ ಹುಡುಗಿ:
ಅಕ್ಕ, ಇದನ್ನು ಬರೆದದ್ದಕ್ಕೆ ನಮಸ್ಕಾರ. ಹೆಂಡತಿ ಎಲೆನಾ ಕಥೆಯೂ ಇದರ ಜೊತೆ ಬರಬೇಕು. ಶಾಲೆ ಅರ್ಧಕ್ಕೆ ಬಿಟ್ಟವಳಿಗೆ ಕೆಮಿಸ್ಟ್ರಿಯಲ್ಲಿ ಡಾಕ್ಟರೇಟು, 1974ರಲ್ಲಿ ಅಕಾಡೆಮಿ ಸದಸ್ಯತ್ವ, ಸಂಶೋಧನೆ ಮಾಡಿದ್ದು ಬೇರೆಯವರು. 1980ರಿಂದ ಉಪಪ್ರಧಾನಿ. ಪಕ್ಷದ ಕೇಡರ್ ಸಮಿತಿಯೂ ಕೊನೆಗೆ ಅವಳ ಕೈಗೆ. ಗಂಡ ಯಾವ ಏಣಿ ಹತ್ತಿ ಬಂದನೋ ಅದನ್ನೇ ಹೆಂಡತಿ ಕೈಗೆ ಕೊಟ್ಟದ್ದು.

ಮಲೆನಾಡ್ ಮಂಜು:
ಈಗ ಹೇಳಿ ಕೆಂಬಾವುಟ ಸರ್, ಇದು ಒಬ್ಬ ಮನುಷ್ಯನ ತಪ್ಪಾ ಅಥವಾ ಆ ವ್ಯವಸ್ಥೆದಾ? ಒಂದೇ ಪಕ್ಷ, ಒಂದೇ ಪತ್ರಿಕೆ, ಕೋರ್ಟೂ ಅವರದ್ದೇ. ಅಲ್ಲಿ ಚೌಶೆಸ್ಕು ಬದ್ಲು ಅಪೊಸ್ತೊಲ್ ಬಂದಿದ್ರೂ ಇಷ್ಟೇ.

ಕೆಂಬಾವುಟ:
ಇಷ್ಟೇ ಆಗ್ತಿತ್ತು ಅಂತ ನಾನು ಒಪ್ಪಲ್ಲ. ಅದೇ ವ್ಯವಸ್ಥೆ ಹಂಗೇರೀಲೂ ಇತ್ತು, ಅಲ್ಲಿ ಕಾದಾರ್ ಕಾಲದಲ್ಲಿ ಅಂಗಡಿ ತುಂಬ ಸಾಮಾನಿತ್ತು, ಹೆಂಗಸರ ಗರ್ಭ ಎಣಿಸ್ತಿರ್ಲಿಲ್ಲ. ಆದ್ರೆ ಒಂದು ಮಾತು ಒಪ್ತೀನಿ, ನಾಯಕನನ್ನ ಇಳಿಸೋ ದಾರಿ ಇಲ್ಲದ ಪಕ್ಷ ನಾಯಕನ ಸ್ವತ್ತಾಗುತ್ತೆ. 1971ರಲ್ಲಿ ಚೀನಾ, ಉತ್ತರ ಕೊರಿಯಾಗೆ ಹೋಗಿ ಬಂದು ಜುಲೈನಲ್ಲಿ ಹೊಸ ನೀತಿ ಹೊರಡಿಸಿದ, ಸಾಹಿತ್ಯ, ಸಿನಿಮಾ, ವಿಶ್ವವಿದ್ಯಾಲಯ ಎಲ್ಲದಕ್ಕೂ ಮತ್ತೆ ಲಗಾಮು. 1974ರಲ್ಲಿ ತನಗಾಗೇ ಅಧ್ಯಕ್ಷ ಪದವಿ ಸೃಷ್ಟಿಸಿ ಕೈಯಲ್ಲಿ ರಾಜದಂಡ ಹಿಡಿದು ನಿಂತ. ಕಮ್ಯುನಿಸ್ಟ್ ಕೈಯಲ್ಲಿ ರಾಜದಂಡ! ಕಾರ್ಮಿಕರ ಪಕ್ಷ ಅಂತ ಹೇಳ್ಕೊಂಡು 1977ರಲ್ಲಿ ಲುಪೆನಿ ಗಣಿ ಕಾರ್ಮಿಕರು ಮುಷ್ಕರ ಹೂಡಿದಾಗ, 1987ರ ನವೆಂಬರ್ 15ಕ್ಕೆ ಬ್ರಾಶೋವ್ ಟ್ರಕ್ ಫ್ಯಾಕ್ಟರಿಯವರು ಬೀದಿಗಿಳಿದಾಗ ಮಾಡಿದ್ದೇನು, ಮುಂದಾಳುಗಳನ್ನ ಹಿಡಿದು ಹೊಡೆದು ದೂರದೂರಿಗೆ ಹಾಕಿದ್ದು. ನಾನು ಯೂನಿಯನ್‌ನಲ್ಲಿ ಕೆಲಸ ಮಾಡಿದೋನು, ನಂಗೆ ಅವನ ಮೇಲಿರೋ ಸಿಟ್ಟು ನಿಮಗಿಂತ ಕಮ್ಮಿ ಅಲ್ಲ ಮಂಜು.

ಮಲೆನಾಡ್ ಮಂಜು:
ಸರಿ ಸರ್, ಅರ್ಧ ದಾರಿ ಬಂದ್ರಿ. ಉಳಿದರ್ಧಕ್ಕೆ ಬೇರೆ ದಿನ ಜಗಳ ಆಡೋಣ.

ಹೊಸಬ ಹೊಸಪೇಟೆ:
ನಾನು ಹೊಸಬ, ಕೊನೆ ಭಾಗ ಯಾರಾದ್ರೂ ಚಿಕ್ಕದಾಗಿ ಹೇಳ್ತೀರಾ? ಅಷ್ಟು ಬಿಗಿ ಇದ್ದೋನು ಅಷ್ಟು ಬೇಗ ಹೇಗೆ ಬಿದ್ದ?

ಧಾರವಾಡದಾಂವ:
ತಿಮಿಶೋರಾ ಊರಾಗ ತ್ಯೊಕೆಶ್ ಅಂತ ಹಂಗೇರಿ ಮೂಲದ ಪಾದ್ರಿನ್ನ ಮನಿ ಬಿಡಿಸಾಕ ಬಂದ್ರು, ಮಂದಿ ಅಡ್ಡ ನಿಂತ್ರು, ಡಿಸೆಂಬರ್ 17ಕ್ಕ ಗುಂಡು ಹೊಡಿಸಿದ. ಮರುದಿನ ಏನೂ ಆಗಿಲ್ಲ ಅನ್ನೋರಂಗ ಇರಾನಿಗೆ ಹೋದ. ತಿರುಗಿ ಬಂದು 21ಕ್ಕ ಬುಕಾರೆಸ್ಟ್‌ನಾಗ ಸಭಾ ಕರೆದ, ಫ್ಯಾಕ್ಟರಿಗಳಿಂದ ಮಂದಿ ತುಂಬಿಸಿ ತಂದಿದ್ರು, ಟಿವಿ ಲೈವ್. ಎಲ್ಲಿಂದಲೋ ಕೂಗು ಎದ್ದಿತು, ಇಂವ ಬಲಗೈ ಎತ್ತಿ "ಅಲೋ, ಅಲೋ" ಅಂದ, ಹೆಂಡ್ತಿ ಬಾಜೂಕಿಂದ ಸುಮ್ಮನಿರ್ರಿ ಅಂತಾಳ, ಕ್ಯಾಮೆರಾ ಆಕಾಶಕ್ಕ ತಿರುಗಿತು. ಮತ್ತ ಶುರು ಮಾಡಿ ಕನಿಷ್ಠ ಪಗಾರ ಅಲ್ಲಿನ ರೊಕ್ಕದಾಗ 2,000 ಲೇಯಿಂದ 2,200ಕ್ಕ ಏರಸ್ತೀನಂದ. 1968ರಾಗ ಚಪ್ಪಾಳೆ ಬಿದ್ದದ್ದು ಅದ ಚೌಕದಾಗ. ಮರುದಿನ ಸೈನ್ಯ ಮಂದಿ ಕಡೆ ತಿರುಗಿತು, ಮಾಳಿಗಿ ಮ್ಯಾಲಿಂದ ಹೆಲಿಕಾಪ್ಟರ್ ಹತ್ತಿದ, ತಿರ್ಗೊವಿಷ್ತೆ ಕಡೆ ಸಿಕ್ಕ, 25ಕ್ಕ ತಾಸಿನಷ್ಟು ವಿಚಾರಣೆ, ಮುಗೀತು.

ಓದುಗ72:
ಆ ವಿಚಾರಣೆ ವಿಚಾರಣೆಯೇ ಅಲ್ಲ. ಆರೋಪದಲ್ಲಿ 60 ಸಾವಿರ ಜನ ಸತ್ರು ಅಂದ್ರು. ಇಡೀ ಕ್ರಾಂತೀಲಿ ಸತ್ತಿದ್ದು 1,100 ಚಿಲ್ಲರೆ, ಅದ್ರಲ್ಲೂ ಹೆಚ್ಚಿನವರು ಅವನು ಓಡಿಹೋದ ಮೇಲೆ ನಡೆದ ಗುಂಡಿನ ಗಲಾಟೇಲಿ. ಸರಿಯಾದ ಕೋರ್ಟಲ್ಲಿ ನಿಲ್ಸಿದ್ರೆ ಅವನ ಜೊತೆಗಿದ್ದವರ ಹೆಸರೂ ಹೊರಗೆ ಬರ್ತಿತ್ತು. ಅದಕ್ಕೇ ಅವಸರ.

ಡಾಕ್ಟರ್ ಅಕ್ಕ:
ಒಪ್ತೀನಿ. ಆ 9 ಸಾವಿರ ಹೆಂಗಸರ ಬಗ್ಗೆ ಒಂದು ಪ್ರಶ್ನೆಯೂ ಅವತ್ತು ಕೇಳ್ಲಿಲ್ಲ.

ತುಂಗಾತೀರ:
ಎಲ್ಲರಿಗೂ ಋಣಿ. ನನ್ನ ಒಂದು ಪ್ರಶ್ನೆ ಉಳ್ಕೊಂಡಿದೆ, ಪಕ್ಷದೊಳಗೆ ಒಬ್ಬರಾದ್ರೂ ಎದ್ದು ನಿಲ್ಲಲಿಲ್ವಾ?

ಮೇಷ್ಟ್ರು ನಿವೃತ್ತ:
ನಿಂತರು. ಕೊನ್ಸ್ತಾಂತಿನ್ ಪಿರ್ವುಲೆಸ್ಕು. 1895ರಲ್ಲಿ ಹುಟ್ಟಿದವರು, ಪಕ್ಷ ಕಟ್ಟಿದವರಲ್ಲೇ ಒಬ್ಬರು. 1979ರ ನವೆಂಬರ್‌ನಲ್ಲಿ 12ನೇ ಮಹಾಧಿವೇಶನ, ಚೌಶೆಸ್ಕು ಪುನರಾಯ್ಕೆ ಸಿದ್ಧವಾಗಿದೆ, ಆಗ ಈ 84ರ ಮುದುಕ ಮಾತಾಡೋಕೆ ಅವಕಾಶ ಕೇಳಿದರು. ಸಭೆ ದೇಶದ ಸಮಸ್ಯೆ ಚರ್ಚೆ ಮಾಡದೆ ಒಬ್ಬನ ಹೊಗಳಿಕೇಲೇ ಮುಳುಗಿದೆ, ನಾನು ಅವನಿಗೆ ಮತ ಹಾಕಲ್ಲ ಅಂತ ಎಲ್ಲರೆದುರು ಹೇಳಿದರು. ಸಭೆಯವರು ಕೂಗಿ ಅವರ ಮಾತು ಮುಚ್ಚಿಸಿದರು, ಎದ್ದು ನಿಂತು ಚೌಶೆಸ್ಕು ಹೆಸರು ಜಪಿಸಿದರು. ಅವರ ಪ್ರತಿನಿಧಿ ಸ್ಥಾನ ಕಿತ್ಕೊಂಡು, ಮನೆಗೆ ಕಾವಲು ಹಾಕಿದ್ರು. ಹತ್ತು ವರ್ಷದ ಮೇಲೆ, 1989ರ ಮಾರ್ಚ್‌ನಲ್ಲಿ ಆರು ಜನ ಹಳೇ ನಾಯಕರು ಚೌಶೆಸ್ಕುಗೆ ಬಹಿರಂಗ ಪತ್ರ ಬರೆದಾಗ ಅದರಲ್ಲೂ ಅವರ ಸಹಿ ಇತ್ತು. ಆ ಆರರಲ್ಲಿ ಇನ್ನೊಬ್ಬ ಅಪೊಸ್ತೊಲ್, 1965ರಲ್ಲಿ ಸೋತವನೇ. ಪಿರ್ವುಲೆಸ್ಕು 1992ರವರೆಗೆ ಬದುಕಿದ್ದರು, ಅವನ ಪತನ ಕಣ್ಣಾರೆ ನೋಡಿದರು.

ಹೊಸಬ ಹೊಸಪೇಟೆ:
ಮೇಷ್ಟ್ರೇ, ಈ ಪಿರ್ವುಲೆಸ್ಕು ಬಗ್ಗೆ ಬೇರೆಯಾಗೇ ಬರೀರಿ ಪ್ಲೀಸ್, ಇಂಥವರ ಹೆಸರು ಕನ್ನಡದಲ್ಲಿ ಎಲ್ಲೂ ಸಿಗಲ್ಲ.

ಕೆಂಬಾವುಟ:
ನಂದೂ ಅದೇ ಕೋರಿಕೆ. 1957ರ ವಾದು ರೋಷ್ಕಾ ಬಗ್ಗೆ ಕರಾವಳಿಯವರೂ ಬರೀಲಿ.